ಚಾಳೀಸು ಬಂದ ಕಣ್ಣಿಗೆ ಲೆನ್ಸು ಹಾಕಬಹುದಾ?

ನಮ್ಮ ಕಡೆ ಇದಕ್ಕೆ ಚಾಳೀಸು ಅಂತಾರೆ. ಹಿಂದಿಯ ನಲವತ್ತು. ಹೆಸರಲ್ಲೇ ವಯಸ್ಸು ಕೂತಿರೋದರಿಂದ ಹೆಂಗಸರು ಬಾಯಿಬಿಟ್ಟು ಹೇಳೋದಿಲ್ಲ. 'ಲೈಟು ಸಾಲ್ತಿಲ್ಲ' ಅಂತಾರೆ, 'ಈಗಿನ ಸೂಜಿಗಳ ಕಣ್ಣೇ ಸಣ್ಣ' ಅಂತಾರೆ. ಮೊಬೈಲ್ ಹಿಡಿದ ಕೈ ಮಾತ್ರ ದಿನೇ ದಿನೇ ಮುಖದಿಂದ ದೂರ ಹೋಗ್ತಿರುತ್ತೆ.

ನಾನು ಹರಪನಹಳ್ಳಿ ತಾಲ್ಲೂಕಿನ ಹಲವಾಗಲಿನವಳು. ವಯಸ್ಸು 47. ಇಪ್ಪತ್ತು ವರ್ಷದಿಂದ ಮನೆಯಲ್ಲೇ ಬ್ಲೌಸು, ಮಕ್ಕಳ ಯೂನಿಫಾರಂ ಹೊಲಿಯುತ್ತೇನೆ. ಹೈಸ್ಕೂಲಿನಿಂದಲೂ ನನಗೆ ಮೈನಸ್ 3ರ ಕನ್ನಡಕ. ಮೂರು ವರ್ಷದ ಹಿಂದೆ ಅದೇ ಕನ್ನಡಕದಲ್ಲಿ ಸೂಜಿಗೆ ದಾರ ಪೋಣಿಸೋದು ಕಷ್ಟವಾಗತೊಡಗಿತು. ತೆಗೆದರೆ ಹತ್ತಿರದ್ದು ಸ್ವಚ್ಛ ಕಾಣುತ್ತೆ, ಆದರೆ ಅಳತೆ ಕೊಡೋಕೆ ಬಾಗಿಲಲ್ಲಿ ನಿಂತವರು ಯಾರು ಅಂತ ಗೊತ್ತಾಗಲ್ಲ. ದಿನವಿಡೀ ಹಾಕೋದು, ತೆಗೆಯೋದು. ಮದುವೆ ಸೀಸನ್ನಿನ ಸೆಕೆಯಲ್ಲಿ ಬೆವರಿಗೆ ಕನ್ನಡಕ ಮೂಗಿನ ಮೇಲೆ ನಿಲ್ಲಲ್ಲ. ದಿನಕ್ಕೆ ನಾಲ್ಕು ಬ್ಲೌಸು ಮುಗಿಸುತ್ತಿದ್ದವಳು ಎರಡಕ್ಕೆ ಇಳಿದೆ. ಮಗಳ ಹಾಸ್ಟೆಲ್ ಫೀಸು ಈ ಮಷೀನಿನಿಂದಲೇ ಹೋಗಬೇಕು. 'ಅಮ್ಮಾ, ಲೆನ್ಸ್ ಹಾಕ್ಕೋ' ಅಂದವಳೂ ಅವಳೇ. 'ಕಣ್ಣಾಗ ಪ್ಲಾಸ್ಟಿಕ್ ಇಟ್ಕಂತೀಯೇನವ್ವ?' ಅಂತ ಅತ್ತೆ ಗಾಬರಿಯಾದರು.

ನಮ್ಮ ತಾಲ್ಲೂಕು ಬಳ್ಳಾರಿಯಲ್ಲಿತ್ತು, ದಾವಣಗೆರೆಗೆ ಹೋಯ್ತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಜಿಲ್ಲೆ ಯಾವುದಾದರೂ ಆಗಲಿ, ಕಣ್ಣು ತೋರಿಸೋಕೆ ನಾವು ಬಸ್ಸು ಹತ್ತೋದು ದಾವಣಗೆರೆಗೇ. ಅಲ್ಲಿ ಡಾಕ್ಟರಮ್ಮ ಸಮಾಧಾನವಾಗಿ ಕೂರಿಸಿ ಹೇಳಿದರು. ಕಣ್ಣೊಳಗಿನ ಮಸೂರ ಚಿಕ್ಕವರಿದ್ದಾಗ ಮೆತ್ತಗಿರುತ್ತೆ. ಹತ್ತಿರದ್ದು ನೋಡುವಾಗ ಉಬ್ಬುತ್ತೆ, ದೂರದ್ದಕ್ಕೆ ಚಪ್ಪಟೆಯಾಗುತ್ತೆ. ಹತ್ತು ವರ್ಷದ ಹುಡುಗನಿಗೆ ಕಣ್ಣಿನಿಂದ ನಾಲ್ಕು ಬೆರಳು ದೂರದ ಅಕ್ಷರವೂ ಕಾಣೋದು ಅದಕ್ಕೇ. ವರ್ಷ ಕಳೆದಂತೆ ಮಸೂರ ಗಟ್ಟಿಯಾಗುತ್ತಾ ಬಂದು ಉಬ್ಬೋದೇ ಕಮ್ಮಿಯಾಗುತ್ತೆ. ಇದು ರೋಗ ಅಲ್ಲ, ಎಲ್ಲರಿಗೂ ಬರುತ್ತೆ. ಅರವತ್ತರ ಹೊತ್ತಿಗೆ ನಂಬರು ಹೆಚ್ಚುಕಡಿಮೆ ಒಂದು ಕಡೆ ನಿಲ್ಲುತ್ತೆ. ಕಣ್ಣಿನ ವ್ಯಾಯಾಮ, ಕ್ಯಾರೆಟ್ಟು, ಯಾವುದೂ ಇದನ್ನು ಹಿಂದಕ್ಕೆ ತರೋದಿಲ್ಲ.

ಲೆನ್ಸಿನಲ್ಲಿ ನನ್ನ ಮುಂದಿದ್ದದ್ದು ಎರಡು ದಾರಿ. ಮೊದಲನೆಯದು ಮಾನೋವಿಷನ್, ಅಂದರೆ ಒಂದು ಕಣ್ಣು ದೂರಕ್ಕೆ, ಇನ್ನೊಂದು ಹತ್ತಿರಕ್ಕೆ. ಯಜಮಾನಿಕೆ ಮಾಡುವ ಕಣ್ಣಿಗೆ ಸಾಮಾನ್ಯವಾಗಿ ದೂರದ ಲೆನ್ಸು ಕೊಡ್ತಾರೆ. ನಿಮ್ಮದು ಯಾವುದು ಅಂತ ಮನೆಯಲ್ಲೇ ನೋಡಬಹುದು. ಎರಡೂ ಅಂಗೈ ಮುಂದೆ ಚಾಚಿ, ನಡುವೆ ಸಣ್ಣ ಕಿಂಡಿ ಬಿಟ್ಟು, ಅದರಲ್ಲಿ ದೂರದ ಕರೆಂಟ್ ಕಂಬ ನೋಡಿ. ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿದ್ದಾಗ ಕಂಬ ಕಿಂಡಿಯಲ್ಲೇ ಉಳಿಯುತ್ತೋ ಅದು ಯಜಮಾನ. ನನಗೆ ಬಲಗಣ್ಣು. ಅದಕ್ಕೆ ಪೂರ್ತಿ ಮೈನಸ್ 3, ಎಡಗಣ್ಣಿಗೆ ಮೈನಸ್ 1.5 ಹಾಕಿ ವಾರ ನೋಡೋಕೆ ಕೊಟ್ಟರು. ಮೂರನೇ ದಿನಕ್ಕೆ ಮೆದುಳು ಒಗ್ಗಿತು. ಬಸ್ಸಿನ ಬೋರ್ಡು ಕಾಣುತ್ತೆ, ಮೊಬೈಲ್ ಕಾಣುತ್ತೆ. ಸೂಜಿ ಮಾತ್ರ ತಕರಾರು ತೆಗೀತು! ವಸ್ತು ಎಷ್ಟು ಮುಂದಿದೆ, ಎಷ್ಟು ಹಿಂದಿದೆ ಅಂತ ಅಳೆಯೋಕೆ ಎರಡೂ ಕಣ್ಣು ಒಟ್ಟಿಗೆ ಸ್ಪಷ್ಟವಾಗಿ ಕಾಣಬೇಕು. ದಾರ ಸೂಜಿಯ ಪಕ್ಕದಲ್ಲೇ ಹಾದು ಹೋಗ್ತಿತ್ತು. ಅಂಗಡಿ ನೋಡಿಕೊಳ್ಳೋರಿಗೆ, ಪಾಠ ಮಾಡೋರಿಗೆ ಇದು ಹೊಂದಬಹುದು. ರಾತ್ರಿ ಗಾಡಿ ಓಡಿಸುವವರು ಯೋಚಿಸಿ ಹಾಕಬೇಕು.

ಎರಡನೆಯದು ಮಲ್ಟಿಫೋಕಲ್. ಒಂದೇ ಲೆನ್ಸಿನಲ್ಲಿ ಬಳೆಯೊಳಗೆ ಬಳೆಯಂತೆ ದೂರದ್ದು, ಹತ್ತಿರದ್ದು ಎರಡೂ ನಂಬರು ಇರುತ್ತೆ. ಕನ್ನಡಕದ ಹಾಗೆ ಕೆಳಗೆ ನೋಡಿದರೆ ಹತ್ತಿರ, ಮೇಲೆ ನೋಡಿದರೆ ದೂರ ಅಂತಲ್ಲ. ಎರಡೂ ಚಿತ್ರ ಒಟ್ಟಿಗೇ ಕಣ್ಣಿಗೆ ಬೀಳುತ್ತೆ, ಬೇಕಾದ್ದನ್ನು ಮೆದುಳು ಆರಿಸಿಕೊಳ್ಳುತ್ತೆ. ಹಗಲು ಬೆಳಕಲ್ಲಿ ಚೆನ್ನಾಗಿದೆ. ಕತ್ತಲಾದರೆ ದೀಪದ ಸುತ್ತ ಉಂಗುರ ಕಾಣುತ್ತೆ, ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ ಕಾಣಲ್ಲ. ನಾನು ಉಳಿಸಿಕೊಂಡದ್ದು ಇದನ್ನೇ. ಅಳತೆ, ಕಟಿಂಗು, ಹೊಲಿಗೆ ಎಲ್ಲಾ ಲೆನ್ಸಿನಲ್ಲಿ. ಸೂಜಿ ಪಕ್ಕಕ್ಕೊಂದು ಎಲ್‌ಇಡಿ ದೀಪ ಕೂರಿಸಿದ್ದೇನೆ. ಹುಕ್ಕು, ಕಾಜ, ಕಪ್ಪು ಬಟ್ಟೆ ಬಂದಾಗ ಲೆನ್ಸಿನ ಮೇಲೆಯೇ ಪ್ಲಸ್ 1ರ ಕನ್ನಡಕ. 'ಎರಡೂ ಹಾಕೋದಾದರೆ ಲೆನ್ಸ್ ಯಾಕೆ' ಅಂತ ಕೇಳ್ತಾರೆ. ದಿನಕ್ಕೆ ನಾಲ್ಕು ಬ್ಲೌಸು ಮತ್ತೆ ಆಗ್ತಿದೆ, ಅದಕ್ಕೆ.

ನನ್ನ ಹಾಗೆ ಮೈನಸ್ ಕನ್ನಡಕದವರು ಒಂದು ತಿಳಿದಿರಿ. ಬರೀ ದೂರದ ನಂಬರಿನ ಲೆನ್ಸು ಹಾಕಿಕೊಂಡರೆ ಹತ್ತಿರದ್ದು ಕನ್ನಡಕದಲ್ಲಿದ್ದದ್ದಕ್ಕಿಂತ ಮಸುಕೆನಿಸುತ್ತೆ. ಹತ್ತಿರ ನೋಡೋಕೆ ಮೈನಸ್ ಕನ್ನಡಕ ಕೊಡುತ್ತಿದ್ದ ಸಣ್ಣ ಸಹಾಯ ಲೆನ್ಸಿನಲ್ಲಿ ಸಿಗಲ್ಲ. ಲೆನ್ಸೇ ಸರಿಯಿಲ್ಲ ಅಂತ ವಾಪಸ್ ಕೊಡುವ ಮೊದಲು ಇದನ್ನು ಡಾಕ್ಟರ ಹತ್ತಿರ ಮಾತಾಡಿ.

ಹಾಗಂತ ಎಲ್ಲರೂ ಲೆನ್ಸಿಗೆ ಓಡಬೇಕು ಅಂತ ನಾನು ಹೇಳಲ್ಲ. ಓದೋ ಕನ್ನಡಕಕ್ಕಿಂತ ಬಹಳ ದುಬಾರಿ, ಮೇಲಾಗಿ ಮತ್ತೆ ಮತ್ತೆ ಕೊಳ್ಳುತ್ತಲೇ ಇರಬೇಕು. ದೂರದ ದೃಷ್ಟಿ ಚೆನ್ನಾಗಿದ್ದರೆ ಸಾದಾ ಕನ್ನಡಕವೇ ಸಾಕು. ಅಸ್ಸಾಂನ ಟೀ ತೋಟಗಳಲ್ಲಿ ನಲವತ್ತು ದಾಟಿದ 751 ಕೂಲಿಗಳ ಮೇಲೆ ನಡೆದ ಅಧ್ಯಯನ 2018ರಲ್ಲಿ ಪ್ರಕಟವಾಯ್ತು. ಹತ್ತಿರದ ಕನ್ನಡಕ ಸಿಕ್ಕವರ ಕೊಯ್ಲು ಸಿಗದವರಿಗಿಂತ ಶೇ 21.7ರಷ್ಟು ಹೆಚ್ಚಿತು. ಕಣ್ಣು ಮಂಜಾದರೆ ಕೂಲಿಯೂ ಇಳಿಯುತ್ತೆ ಅಂತ ನಮಗೆ ಗೊತ್ತಿತ್ತು, ಅವರು ಲೆಕ್ಕ ಹಾಕಿ ತೋರಿಸಿದರು. ಜಾತ್ರೆಯ ರೆಡಿಮೇಡ್ ಕನ್ನಡಕ ಎರಡು ಕಣ್ಣಿಗೂ ಒಂದೇ ನಂಬರಿನದು. ಅದನ್ನು ಕೊಂಡರೂ ಒಮ್ಮೆ ಕಣ್ಣಿನ ಒತ್ತಡ, ಸಕ್ಕರೆ ಎರಡನ್ನೂ ಪರೀಕ್ಷೆ ಮಾಡಿಸಿ. ಗ್ಲಾಕೋಮ ಸದ್ದಿಲ್ಲದೆ ಬರುತ್ತೆ. ಸಕ್ಕರೆ ಏರಿಳಿದರೆ ನಂಬರೂ ಏರಿಳಿಯುತ್ತೆ.

ನಲವತ್ತರ ನಂತರ ಕಣ್ಣೀರೂ ಕಮ್ಮಿ, ಮುಟ್ಟು ನಿಲ್ಲುವ ಹೊತ್ತಿಗೆ ಇನ್ನೂ ಕಮ್ಮಿ. ಒಣಗಿದ ಕಣ್ಣಲ್ಲಿ ಲೆನ್ಸು ಚುಚ್ಚುತ್ತೆ. ನಾನು ಎಂಟು ಗಂಟೆಗಿಂತ ಹೆಚ್ಚು ಹಾಕಲ್ಲ. ಮೆಕ್ಕೆಜೋಳ ಬಡಿಯುವಾಗ, ಮೆಣಸಿನಕಾಯಿ ಕುಟ್ಟುವಾಗ ಬರೀ ಕನ್ನಡಕ. ಜೋಳದ ರವದಿ ತಾಗಿದ ಕಣ್ಣಿಗೆ ಫಂಗಸ್ ಹುಣ್ಣಾಗೋದು ಹೊಲದಲ್ಲಿ ದುಡಿಯೋರಿಗೆ ಹೊಸದಲ್ಲ.

ನೀರಿನ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ಬೋರಿನ ನೀರು, ನಲ್ಲಿ ನೀರು, ಕುಡಿಯೋ ಫಿಲ್ಟರ್ ನೀರು ಯಾವುದೂ ಲೆನ್ಸಿಗೆ ತಾಗಬಾರದು. ಲೆನ್ಸ್ ಹಾಕಿಕೊಂಡು ತುಂಗಭದ್ರೆಯಲ್ಲಿ ಮುಳುಗು ಹಾಕಬೇಡಿ. ನೀರಲ್ಲಿರುವ ಅಕಾಂತಮೀಬಾ ಅನ್ನೋ ಜೀವಿ ಲೆನ್ಸಿನ ಅಡಿ ಸೇರಿದರೆ ದೃಷ್ಟಿಯನ್ನೇ ತಿನ್ನಬಹುದು. ಕೈ ಸೋಪಲ್ಲಿ ತೊಳೆದು ಪೂರ್ತಿ ಒಣಗಿಸಿ, ಸೊಲ್ಯೂಷನ್ ದಿನಾ ಹೊಸದು ಹಾಕಿ, ಡಬ್ಬಿಯನ್ನು ಮೂರು ತಿಂಗಳಿಗೊಮ್ಮೆ ಬದಲಿಸಿ. ರಾತ್ರಿ ತೆಗೆದೇ ಮಲಗಿ.

ಕಣ್ಣು ಕೆಂಪಾಗಿ ನೋವು ಬಂದರೆ ಹರಳೆಣ್ಣೆ, ಎದೆಹಾಲು, ಮೆಡಿಕಲ್ ಶಾಪಿನವರು ಕೊಟ್ಟ ಡ್ರಾಪ್ಸ್ ಏನೂ ಬಿಡಬೇಡಿ. ಲೆನ್ಸ್ ತೆಗೆದು ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ತೆಗೆದ ಲೆನ್ಸನ್ನು ಎಸೆಯದೆ ಡಬ್ಬಿ ಸಮೇತ ಒಯ್ಯಿರಿ, ಯಾವ ಸೋಂಕು ಅಂತ ಪತ್ತೆ ಮಾಡೋಕೆ ಅವರಿಗೆ ಬೇಕಾಗುತ್ತೆ.