ಚಂದ್ರ ನಮ್ಮ ಬಸ್ಸಿನ ಜೊತೆಗೇ ಯಾಕೆ ಬರ್ತಾನೆ?

ಎರಡರಿಂದ ಆರು ವರ್ಷದೊಳಗಿನ ಮಗುವೊಂದು ಮನೆಯಲ್ಲಿದ್ದರೆ ನಗೆಗೆ ಬರವಿಲ್ಲ. ಅಜ್ಜನ ಕನ್ನಡಕ ಅಕ್ಕಿ ಡಬ್ಬದಲ್ಲಿ ಸಿಗುತ್ತದೆ. ಚಕ್ಕುಲಿ ಗಿಡ ಬೆಳೆಯಲೆಂದು ತುಳಸಿ ಕಟ್ಟೆಯ ಬುಡದಲ್ಲಿ ಚಕ್ಕುಲಿ ಹೂತಿರುತ್ತದೆ. ನೆಂಟರು ಬಂದಾಗ “ನಮ್ಮ ಪುಟ್ಟ ಏನಂದ ಗೊತ್ತಾ?” ಎಂದು ತಾಯಿ ಶುರು ಮಾಡಿದರೆ ಲೋಟದ ಕಾಫಿ ಆರಿದರೂ ಕತೆ ಮುಗಿಯುವುದಿಲ್ಲ.

ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವನ ಕಿವಿಗೆ ಈ ಮಾತುಗಳು ಸ್ವಲ್ಪ ಬೇರೆಯಾಗಿ ಕೇಳಿಸುತ್ತವೆ. ಚಕ್ಕುಲಿ ಹೂತ ಮಗು ಹುರುಳಿಕಾಳು ಮೊಳೆತದ್ದನ್ನು ನೋಡಿದೆ. ಹೂತದ್ದು ಬೆಳೆಯುತ್ತದೆ ಎಂದು ಲೆಕ್ಕ ಹಾಕಿದೆ, ಪ್ರಯೋಗವನ್ನೂ ಮಾಡಿದೆ. ತೀರ್ಮಾನ ತಪ್ಪಿರಬಹುದು, ಯೋಚಿಸಿದ ದಾರಿ ಮಾತ್ರ ವಿಜ್ಞಾನಿಯದೇ.

ನಾಲ್ಕು ದೋಸೆಯ ಗೆಲುವು

ನಮ್ಮ ನೆರೆಮನೆಯ ನಾಲ್ಕು ವರ್ಷದ ಹುಡುಗ ಒಮ್ಮೆ ತಿಂಡಿಗೆ ಕೂತು ರಚ್ಚೆ ಹಿಡಿದ. ಅಣ್ಣನಿಗೆ ಎರಡು ದೋಸೆ, ತನಗೆ ಒಂದೇ! ಅವನ ಅಜ್ಜಿ ಜಾಣೆ. ಅದೇ ದೋಸೆಯನ್ನು ನಾಲ್ಕು ತುಂಡು ಮಾಡಿ, “ತಗೋ, ಈಗ ನಿಂಗೆ ನಾಲ್ಕು” ಎಂದರು. ಹುಡುಗ ಅಣ್ಣನ ಕಡೆ ತಿರುಗಿ, “ನಿಂಗೆ ಎರಡೇ!” ಎಂದು ಗೆದ್ದವನಂತೆ ತಿಂದ.

ಆ ಅಜ್ಜಿಗೆ ಅನುಭವದಿಂದ ತಿಳಿದಿದ್ದನ್ನು ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ (1896–1980) ಪ್ರಯೋಗಗಳಿಂದ ತೋರಿಸಿದರು. ನೀವೂ ಮನೆಯಲ್ಲೇ ಮಾಡಿ ನೋಡಬಹುದು. ಒಂದೇ ಅಳತೆಯ ಎರಡು ಲೋಟಗಳಲ್ಲಿ ಸಮವಾಗಿ ನೀರು ತುಂಬಿ. ಎರಡೂ ಸಮ ಎಂದು ಮಗು ಒಪ್ಪಿದ ಮೇಲೆ, ಅದರ ಕಣ್ಣೆದುರೇ ಒಂದು ಲೋಟದ ನೀರನ್ನು ಸಪೂರವಾದ ಉದ್ದನೆಯ ಬಾಟಲಿಗೆ ಸುರಿಯಿರಿ. ಯಾವುದರಲ್ಲಿ ಹೆಚ್ಚು ನೀರಿದೆ? ನಾಲ್ಕೈದು ವರ್ಷದ ಮಕ್ಕಳಲ್ಲಿ ಹೆಚ್ಚಿನವರು ಬಾಟಲಿಯನ್ನೇ ತೋರಿಸುತ್ತಾರೆ. ಅವರಿಗೆ ಎತ್ತರ ಕಾಣುತ್ತದೆ. ಜೊತೆಗೇ ಅಗಲವನ್ನೂ ಲೆಕ್ಕಕ್ಕೆ ಹಿಡಿಯುವುದು ಇನ್ನೂ ಬಂದಿರುವುದಿಲ್ಲ. ಸುಮಾರು ಏಳು ವರ್ಷದ ಹೊತ್ತಿಗೆ ಅದೇ ಮಗು “ಅದೇ ನೀರು ತಾನೆ?” ಎಂದು ನಿಮ್ಮನ್ನೇ ಪೆದ್ದರಂತೆ ನೋಡುತ್ತದೆ. ಕೆಲವರಿಗೆ ಇದು ಬೇಗ ಬರುತ್ತದೆ, ಕೆಲವರಿಗೆ ತಡವಾಗಿ. ಗಾಬರಿ ಬೇಡ.

ಫೋನಿನಲ್ಲಿ ಅಜ್ಜಿ “ಊಟ ಆಯ್ತಾ ಕಂದಾ?” ಎಂದರೆ ಮಗು ಮಾತಾಡದೆ ತಲೆಯಾಡಿಸುವುದೂ ಇಂಥದ್ದೇ. ತನಗೆ ಗೊತ್ತಿರುವುದು ಅಜ್ಜಿಗೂ ಗೊತ್ತಾಗುತ್ತದೆ ಎಂಬ ನಂಬಿಕೆ. ವಿಡಿಯೊ ಕಾಲ್ ಬಂದ ಮೇಲೆ ಈ ತಲೆಯಾಟಕ್ಕೂ ಬೆಲೆ ಬಂದಿದೆ!

‘ಅಮ್ಮಾ, ನಾನು ಬೀಳಿದೆ’

ಮಂಡಿ ತರಚಿಕೊಂಡು ಬಂದ ಮೂರು ವರ್ಷದ ಮಗು “ನಾನು ಬೀಳಿದೆ” ಎನ್ನುತ್ತದೆ. “ಅಣ್ಣಂಗೆ ಪೆನ್ಸಿಲ್ ಕೊಡಿದೆ” ಎನ್ನುತ್ತದೆ. ನಾವು ನಗುತ್ತೇವೆ. ಆದರೆ ಮನೆಯಲ್ಲಿ ಯಾರಾದರೂ ‘ಬೀಳಿದೆ’ ಎನ್ನುತ್ತಾರೆಯೇ? ಇಲ್ಲ. ಓಡು–ಓಡಿದೆ, ಹಾಡು–ಹಾಡಿದೆ, ನೋಡು–ನೋಡಿದೆ ಎಂಬುದನ್ನು ಕೇಳಿ ಮಗು ತಾನೇ ಒಂದು ಸೂತ್ರ ಮಾಡಿಕೊಂಡಿದೆ. ‘ಬಿದ್ದೆ’, ‘ಕೊಟ್ಟೆ’ಗಳು ಆ ಸೂತ್ರಕ್ಕೆ ಬಗ್ಗದಿದ್ದರೆ ಅದು ಮಗುವಿನ ತಪ್ಪಲ್ಲ.

ಅಮೆರಿಕದ ಜೀನ್ ಬರ್ಕೊ 1958ರಲ್ಲಿ ಇದನ್ನು ಸೊಗಸಾಗಿ ಪರೀಕ್ಷಿಸಿದರು. ಹಕ್ಕಿಯಂಥ ಒಂದು ಚಿತ್ರ ತೋರಿಸಿ ಇದು ‘ವಗ್’ ಎಂದರು. ಇಂಗ್ಲಿಷಿನಲ್ಲಿ ಹಾಗೊಂದು ಪದವೇ ಇಲ್ಲ. ಎರಡರ ಚಿತ್ರ ತೋರಿಸಿದಾಗ ಮಕ್ಕಳು ‘ವಗ್ಸ್’ ಎಂದರು. ಎಂದೂ ಕೇಳದ ಪದಕ್ಕೆ ಸರಿಯಾದ ಬಹುವಚನ! ಮಕ್ಕಳು ಗಿಳಿಪಾಠ ಒಪ್ಪಿಸುವುದಿಲ್ಲ, ನಿಯಮ ಹುಡುಕುತ್ತಾರೆ. ಹಾಗಾಗಿ “ಬೀಳಿದೆ ಅಲ್ಲ, ಬಿದ್ದೆ ಅನ್ನು” ಎಂದು ಗದರುವ ಅಗತ್ಯವಿಲ್ಲ. “ಅಯ್ಯೋ, ಬಿದ್ಯಾ?” ಎಂದರೆ ಸಾಕು, ಸರಿಯಾದ ರೂಪ ಕಿವಿಗೆ ಬಿತ್ತು.

ಬಸ್ಸಿನ ಕಿಟಕಿಯ ಪ್ರಶ್ನೆ

ಊರ ಹಬ್ಬ ಮುಗಿಸಿ ರಾತ್ರಿ ಬಸ್ಸಿನಲ್ಲಿ ಬರುವಾಗ ನನ್ನ ತಂಗಿಯ ಐದು ವರ್ಷದ ಮೊಮ್ಮಗಳು ಕೇಳಿದಳು: “ತಾತಾ, ಚಂದ್ರ ನಮ್ಮ ಬಸ್ಸಿನ ಜೊತೆಗೇ ಯಾಕೆ ಬರ್ತಾನೆ? ಅವನಿಗೂ ನಮ್ಮೂರಲ್ಲೇ ಇಳೀಬೇಕಾ?” ಮುಂದಿನ ಸೀಟಿನವರೆಲ್ಲ ನಕ್ಕರು. ಅವಳ ತಾಯಿ “ಸುಮ್ನೆ ಮಲ್ಕೊ” ಎಂದಳು.

ಪ್ರಶ್ನೆ ಮಾತ್ರ ಬಹಳ ಒಳ್ಳೆಯದು. “ಹೊರಗೆ ನೋಡು, ಯಾವುದು ಹಿಂದೆ ಓಡ್ತಿದೆ?” ಎಂದೆ. ಲೈಟು ಕಂಬ ಭರ್ರನೆ ಓಡುತ್ತಿತ್ತು. ದೂರದ ತೋಟದ ತೆಂಗಿನಮರಗಳು ನಿಧಾನ. ಬೆಳದಿಂಗಳಲ್ಲಿ ಕಾಣುತ್ತಿದ್ದ ಗುಡ್ಡವಂತೂ ಬಹಳ ಹೊತ್ತು ಜೊತೆಯಲ್ಲೇ ಇತ್ತು. “ದೂರ ಇರೋದೆಲ್ಲ ನಿಧಾನಕ್ಕೆ ಹೋಗತ್ತೆ” ಎಂದು ಅವಳೇ ಹೇಳಿದಳು. ಚಂದ್ರ ಸುಮಾರು 3,84,000 ಕಿ.ಮೀ. ದೂರದಲ್ಲಿದ್ದಾನೆ. ಬಸ್ಸು 20 ಕಿ.ಮೀ. ಓಡಿತೆಂಬ ಕಾರಣಕ್ಕೆ ಅವನು ಕಾಣುವ ದಿಕ್ಕು ಬದಲಾಗುವುದು ಕಣ್ಣಿಗೆ ತಿಳಿಯದಷ್ಟು ಅಲ್ಪ. ಹೈಸ್ಕೂಲಿನಲ್ಲಿ ಬಹಳಷ್ಟು ಮಕ್ಕಳು ಬಾಯಿಪಾಠ ಮಾಡುವ ಸಾಪೇಕ್ಷ ಚಲನೆ ಅವಳ ಕಿಟಕಿಯಲ್ಲೇ ಇತ್ತು.

ಕೊನೆಯ ಪುಟದ ಪ್ರಶ್ನೆಗಳು

ಹೀಗೆ ಕೇಳುತ್ತಿದ್ದ ಮಕ್ಕಳೇ ಎಂಟನೇ ತರಗತಿಗೆ ಬರುವಷ್ಟರಲ್ಲಿ ಮೌನಿಗಳಾಗಿರುತ್ತಾರೆ. “ಏನಾದರೂ ಸಂಶಯ ಇದೆಯಾ?” ಎಂದರೆ ಇಡೀ ತರಗತಿ ತಲೆ ತಗ್ಗಿಸುತ್ತದೆ. ಒಮ್ಮೆ ನೋಟ್ಸ್ ತಿದ್ದುವಾಗ ಒಬ್ಬ ಹುಡುಗಿಯ ಪುಸ್ತಕದ ಕೊನೆಯ ಪುಟ ನೋಡಿದೆ. ‘ಮೀನಿಗೆ ಬಾಯಾರಿಕೆ ಆಗುತ್ತದೆಯೇ?’ ‘ನೆರಳಿಗೆ ತೂಕ ಇಲ್ಲ ಏಕೆ?’ ಎಂದು ಹತ್ತು ಹದಿನೈದು ಪ್ರಶ್ನೆಗಳು. ತರಗತಿಯಲ್ಲಿ ಏಕೆ ಕೇಳಲಿಲ್ಲ ಎಂದರೆ, “ಎಲ್ರೂ ನಗ್ತಾರೆ ಸಾರ್” ಎಂದಳು.

ಈ ನಗುವಿನ ಭಯ ಶಾಲೆಯಲ್ಲಷ್ಟೇ ಹುಟ್ಟುವುದಿಲ್ಲ. ಮಗು ಗಂಭೀರವಾಗಿ ಹೇಳಿದ್ದನ್ನು ಅದರ ಎದುರೇ ನೆಂಟರಿಗೆ ಹೇಳಿ ನಗಿಸುವಾಗ, ಕೇಳಿದ್ದಕ್ಕೆಲ್ಲ ‘ತಲೆಹರಟೆ’, ‘ಅಧಿಕಪ್ರಸಂಗಿ’ ಎಂದು ಬಾಯಿ ಮುಚ್ಚಿಸುವಾಗ ಅದು ಬೇರು ಬಿಡುತ್ತದೆ. ನಗಬಾರದು ಎಂದಲ್ಲ, ಮಗುವಿನ ಜೊತೆ ಸೇರಿ ನಗೋಣ. ಮೊದಲು “ನಿಂಗೇನನ್ಸತ್ತೆ?” ಎಂದು ಕೇಳೋಣ. ಉತ್ತರ ಗೊತ್ತಿಲ್ಲದಿದ್ದರೆ “ಇಬ್ರೂ ಸೇರಿ ಹುಡುಕೋಣ” ಎನ್ನೋಣ. ಅದರಿಂದ ಅಪ್ಪ ಅಮ್ಮಂದಿರ ಮರ್ಯಾದೆ ಕಡಿಮೆಯಾಗುವುದಿಲ್ಲ.

ಸಾಹಸಕ್ಕೊಂದು ಬೇಲಿ

ಪ್ರಯೋಗದ ಹುಮ್ಮಸ್ಸಿಗೆ ಅಪಾಯದ ಅರಿವಿರುವುದಿಲ್ಲ. ಆ ಅರಿವು ದೊಡ್ಡವರಿಗಿರಬೇಕು. ಗಡಿಯಾರ, ರಿಮೋಟು, ಆಟಿಕೆಗಳ ಗುಂಡಿ ಬ್ಯಾಟರಿಯನ್ನು ಮಗು ನುಂಗಿದರೆ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡು ಎರಡೇ ಗಂಟೆಯಲ್ಲಿ ಸುಟ್ಟ ಗಾಯ ಮಾಡಬಲ್ಲದು. ಅನುಮಾನ ಬಂದರೂ ಸಾಕು, ತಡಮಾಡದೆ ಆಸ್ಪತ್ರೆಗೆ ಹೋಗಿ. ಮೂಗಿಗೆ ಹುಣಸೆಬೀಜ ಹಾಕಿಕೊಂಡರೆ ಹೇರ್‌ಪಿನ್ನಿನಿಂದ ಕೆದಕಬೇಡಿ, ವೈದ್ಯರೇ ತೆಗೆಯಲಿ. ಸೀಮೆಎಣ್ಣೆ, ಫಿನಾಯಿಲುಗಳನ್ನು ತಂಪು ಪಾನೀಯದ ಬಾಟಲಿಯಲ್ಲಿ ಇಡಲೇಬೇಡಿ.

ಒಂದು ನೋಟ್‌ಬುಕ್ ಇಡಿ

ಚಾರ್ಲ್ಸ್ ಡಾರ್ವಿನ್ 1839ರಲ್ಲಿ ಹುಟ್ಟಿದ ತಮ್ಮ ಮೊದಲ ಮಗನನ್ನು ಗಮನಿಸಿ ಟಿಪ್ಪಣಿ ಬರೆದಿಟ್ಟುಕೊಂಡಿದ್ದರು. ಮಗು ಒಂಬತ್ತು ತಿಂಗಳು ತುಂಬುವ ಹೊತ್ತಿಗೆ, ಹೆಸರು ಕರೆದರೆ ಕನ್ನಡಿಯ ಕಡೆ ತಿರುಗುತ್ತಿತ್ತು ಎಂಬುದೂ ಅದರಲ್ಲಿದೆ. 1877ರಲ್ಲಿ ಅದು ಲೇಖನವಾಗಿ ಪ್ರಕಟವಾಯಿತು. ರಷ್ಯಾದ ಮಕ್ಕಳ ಸಾಹಿತಿ ಕೊರ್ನೇಯ್ ಚುಕೋವ್‌ಸ್ಕಿ ವರ್ಷಗಟ್ಟಲೆ ಪುಟಾಣಿಗಳ ಮಾತುಗಳನ್ನು ಕೂಡಿಹಾಕಿ ‘ಎರಡರಿಂದ ಐದು’ ಎಂಬ ಪುಸ್ತಕವನ್ನೇ ಮಾಡಿದರು.

ವಿದ್ಯಾರ್ಥಿಗಳೇ, ಈ ಕೆಲಸಕ್ಕೆ ಪ್ರಯೋಗಶಾಲೆ ಬೇಕಿಲ್ಲ. ಮನೆಯಲ್ಲಿ ಪುಟ್ಟ ತಮ್ಮನೋ ತಂಗಿಯೋ ಇದ್ದರೆ ಒಂದು ನೋಟ್‌ಬುಕ್ ಇಡಿ. ತಾರೀಖು, ಮಗುವಿನ ವಯಸ್ಸು, ಆಡಿದ ಮಾತು, ಆಗ ಏನು ನಡೆಯುತ್ತಿತ್ತು, ಇಷ್ಟನ್ನು ಬರೆಯಿರಿ. ಮಾತನ್ನು ತಿದ್ದಬೇಡಿ, ಹೇಳಿದಂತೆಯೇ ಬರೆಯಿರಿ. ಹತ್ತು ವರ್ಷದ ಮೇಲೆ ಅದನ್ನು ಓದಿ ಅವರೂ ನಗುತ್ತಾರೆ. ಅಷ್ಟು ಹೊತ್ತಿಗೂ ಪ್ರಶ್ನೆ ಕೇಳುವುದನ್ನು ಅವರು ಬಿಟ್ಟಿರದಿದ್ದರೆ, ಅದರಲ್ಲಿ ನಿಮ್ಮ ಪಾಲೂ ಇರುತ್ತದೆ.