ತಲೆಯಾಡಿಸುವ ಮಗು

ನವರಾತ್ರಿಯ ಬೊಂಬೆಗಳ ಸಾಲಿನಲ್ಲಿ ತಂಜಾವೂರಿನ ಬೊಂಬೆಯನ್ನು ಕಾಣದವರು ವಿರಳ. ಬೆರಳಿನಿಂದ ಒಮ್ಮೆ ಸೋಕಿದರೆ ಸಾಕು, ಬಹಳ ಹೊತ್ತು ತಲೆದೂಗುತ್ತಿರುತ್ತದೆ. ಇಂಥ ಬೊಂಬೆಯ ಹೆಸರನ್ನೇ ವೈದ್ಯಶಾಸ್ತ್ರ ಮಕ್ಕಳ ಒಂದು ಅಪರೂಪದ ವ್ಯಾಧಿಗೆ ಕೊಟ್ಟಿದೆ: ‘ಬಾಬಲ್ ಹೆಡ್ ಡಾಲ್ ಸಿಂಡ್ರೋಮ್’. ಅಮೆರಿಕದ ವೈದ್ಯ ಬೆಂಟನ್ ಮತ್ತು ಸಂಗಡಿಗರು 1966ರಲ್ಲಿ ಈ ಹೆಸರಿನಿಂದ ಅದನ್ನು ವರ್ಣಿಸಿದರು. ಹೆಸರು ನನಗೆ ರುಚಿಸದು. ಆದರೆ ವರ್ಣನೆ ಮಾತ್ರ ನಿಖರವಾದದ್ದು.

ಸಾಮಾನ್ಯವಾಗಿ ಐದು ವರ್ಷದೊಳಗಿನ ಮಗು. ಸೆಕೆಂಡಿಗೆ ಎರಡು ಮೂರು ಬಾರಿಯಂತೆ, ‘ಹೂಂ, ಹೂಂ’ ಎನ್ನುವ ಹಾಗೆ ತಲೆ ಮೇಲೆ ಕೆಳಗೆ ಆಡುತ್ತದೆ. ಕೆಲವೊಮ್ಮೆ ‘ಊಹೂಂ’ ಎನ್ನುವ ಹಾಗೆ ಅಡ್ಡಡ್ಡಲಾಗಿ. ನಡೆಯುವಾಗ, ಉದ್ವೇಗಗೊಂಡಾಗ ಹೆಚ್ಚುತ್ತದೆ. ನಿದ್ರೆಯಲ್ಲಿ ನಿಲ್ಲುತ್ತದೆ. ‘ಸುಮ್ಮನಿರು ಮಗು’ ಎಂದರೆ ಎಚ್ಚರದಲ್ಲಿಯೂ ಒಂದು ಗಳಿಗೆ ನಿಲ್ಲುವುದುಂಟು. ಮೋಸ ಹೋಗುವುದು ಇಲ್ಲಿಯೇ. ಹೇಳಿದರೆ ನಿಲ್ಲಿಸುತ್ತದೆ, ಆದ್ದರಿಂದ ಇದು ಬರಿಯ ಚಾಳಿ ಎಂದು ಹಿರಿಯರು ತೀರ್ಮಾನಿಸುತ್ತಾರೆ. ಗದರುವುದೂ ಆಗುತ್ತದೆ, ದೃಷ್ಟಿ ನಿವಾಳಿಸುವುದೂ ಆಗುತ್ತದೆ, ತಿಂಗಳುಗಳು ಕಳೆಯುತ್ತವೆ.

ಮಿದುಳಿನ ಒಳಗೆ ದ್ರವ ತುಂಬಿದ ನಾಲ್ಕು ಕುಹರಗಳಿವೆ. ದ್ರವ ಅಲ್ಲಿಯೇ ಹುಟ್ಟಿ, ಕಿರಿದಾದ ದಾರಿಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹರಿದು, ಕೊನೆಗೆ ಹೊರಬಿದ್ದು ರಕ್ತವನ್ನು ಸೇರುತ್ತದೆ. ಮಿದುಳನ್ನು ಹೊದ್ದಿರುವ ತೆಳುಪೊರೆಯಲ್ಲಿ ಹುಟ್ಟಿನಿಂದಲೇ ಇರುವ ದೋಷದಿಂದ ಒಂದು ನೀರುಚೀಲ ಬೆಳೆದು, ಮೂರನೆಯ ಕುಹರವನ್ನು ಕೆಳಗಿನಿಂದ ಮೇಲಕ್ಕೆ ಒತ್ತುವುದುಂಟು. ಆಗ ದಾರಿ ಕಟ್ಟುತ್ತದೆ. ಮೇಲಿನ ಕುಹರಗಳು ಉಬ್ಬುತ್ತವೆ, ತಲೆಯ ಗಾತ್ರ ವಯಸ್ಸಿಗೆ ಮೀರಿ ಬೆಳೆಯುತ್ತದೆ. ಕುಹರಗಳ ನಡುವಣ ನಾಳವೇ ಹುಟ್ಟಿನಿಂದ ಇಕ್ಕಟ್ಟಾಗಿದ್ದರೂ ಇದೇ ಗತಿ.

ಆದರೆ ತಲೆ ಏಕೆ ಆಡಬೇಕು? ಹತ್ತಿರದ ನರಕೇಂದ್ರಗಳ ಮೇಲೆ ಬೀಳುವ ಒತ್ತಡವೇ ಕಾರಣವೆಂದು ಕೆಲವರ ಮತ. ಇನ್ನೊಂದು ಮತ ವಿಸ್ಮಯಕರವಾದದ್ದು: ತಲೆಯಾಡಿಸಿದಾಗ ಚೀಲ ಕೊಂಚ ಸರಿದು ದ್ರವಕ್ಕೆ ದಾರಿಯಾಗುತ್ತದೆ, ಆ ನೆಮ್ಮದಿಯನ್ನು ಮಗುವಿನ ದೇಹ ತಾನೇ ಕಲಿತುಕೊಂಡಿದೆ! ಎರಡೂ ಊಹೆಗಳೇ, ಸಿದ್ಧವಾದವಲ್ಲ. ಎರಡನೆಯದು ನಿಜವಾಗಿದ್ದರೆ, ನಾವು ಗದರಿ ನಿಲ್ಲಿಸುವುದು ಮಗುವಿನ ಉಪಾಯವನ್ನೇ ಎಂದಾಗುತ್ತದೆ.

ಈ ಚೀಲದ ನೆರೆಯಲ್ಲಿಯೇ ದೃಷ್ಟಿನರಗಳೂ ಪಿಟ್ಯುಟರಿ ಗ್ರಂಥಿಯೂ ಇವೆ. ತಡವಾದಷ್ಟೂ ಕಣ್ಣು ಮಂಜಾಗಬಹುದು. ಅಕಾಲದಲ್ಲಿ ಪ್ರೌಢತೆಯ ಲಕ್ಷಣಗಳು ತೋರಬಹುದು. ಕಳೆದುಹೋದ ದೃಷ್ಟಿ ಮರಳಿ ಬಂದೇ ತೀರುತ್ತದೆಂಬ ಭರವಸೆಯಿಲ್ಲ. ಎಂ.ಆರ್.ಐ. ಚಿತ್ರದಲ್ಲಿ ಚೀಲ ಸ್ಪಷ್ಟವಾಗಿ ಕಾಣುತ್ತದೆ. ತಲೆಬುರುಡೆಯಲ್ಲಿ ಸಣ್ಣ ರಂಧ್ರ ಮಾಡಿ, ಎಂಡೋಸ್ಕೋಪಿನ ನೆರವಿನಿಂದ ಚೀಲದ ಗೋಡೆಯನ್ನು ಬಿಡಿಸಿ, ದ್ರವಕ್ಕೆ ದಾರಿ ಮಾಡಿಕೊಡುತ್ತಾರೆ. ಶಸ್ತ್ರಚಿಕಿತ್ಸೆಯ ನಂತರ ಎಷ್ಟೋ ಮಕ್ಕಳಲ್ಲಿ ತಲೆಯಾಟ ಕಡಿಮೆಯಾಗುತ್ತದೆ ಅಥವಾ ನಿಂತೇ ಹೋಗುತ್ತದೆ. ಮಿದುಳಿನ ಜನ್ಮದೋಷಗಳಲ್ಲಿ ಇಂಥ ಪರಿಹಾರವುಳ್ಳವು ಹೆಚ್ಚಿಲ್ಲ; ಅದಕ್ಕಾಗಿಯೇ ಈ ಅಪರೂಪದ ವ್ಯಾಧಿಯ ಮಾತೆತ್ತಿದೆ.

ತಲೆಯಾಡಿಸುವ ಮಕ್ಕಳೆಲ್ಲರಿಗೂ ಈ ರೋಗವೆಂದು ತಾಯಂದಿರು ಗಾಬರಿಯಾಗಬೇಕಿಲ್ಲ. ನಿದ್ದೆ ಹತ್ತುವ ಮುನ್ನ ತಲೆ ಹೊರಳಿಸುವ, ದಿಂಬಿಗೆ ಕುಟ್ಟಿಕೊಳ್ಳುವ ಆರೋಗ್ಯವಂತ ಕೂಸುಗಳು ಎಷ್ಟೋ ಇವೆ. ಎಚ್ಚರದಲ್ಲಿ, ಕುಳಿತಾಗ ನಿಂತಾಗ, ಒಂದೇ ಲಯದಲ್ಲಿ ದಿನದಿನವೂ ತಲೆಯಾಡಿದರೆ ಮಾತ್ರ ಮಕ್ಕಳ ವೈದ್ಯರಿಗೆ ತೋರಿಸಲೇಬೇಕು. ಅವರ ಮುಂದೆ ಮಗು ತಲೆಯಾಡಿಸದೆಯೇ ಇರಬಹುದು. ಮನೆಯಲ್ಲಿಯೇ ಮೊಬೈಲಿನಲ್ಲಿ ಒಂದೆರಡು ನಿಮಿಷ ಚಿತ್ರೀಕರಿಸಿ ಒಯ್ಯಿರಿ. ಟೇಪು ಹಿಡಿದು ತಲೆಯ ಸುತ್ತಳತೆಯನ್ನು ನೋಡಿ ಬರೆದುಕೊಳ್ಳುವಂತೆ ವೈದ್ಯರನ್ನು ಕೇಳಿರಿ.