ಬಳ್ಳಾರಿಯಲ್ಲಿ ತಂಗಿದ ಅಂಚೆ ವಿಮಾನ

ಮುಂಬಯಿಯ ಜುಹೂ ಕಡಲತೀರಕ್ಕೆ ಹೋಗುವ ನಮ್ಮಲ್ಲಿ ಅನೇಕರು ಸಮೀಪದ ಹಳೆಯ ವಿಮಾನ ನಿಲ್ದಾಣವನ್ನು ಹೊರಗಿನಿಂದ ಕಂಡಿದ್ದೇವೆ. ಇಂದು ಅಲ್ಲಿ ಮುಖ್ಯವಾಗಿ ಹೆಲಿಕಾಪ್ಟರುಗಳು ಏರಿಳಿಯುತ್ತವೆ. 1932ರ ಅಕ್ಟೋಬರ್ 15ರಂದು ಜುಹೂವಿನ ನೆಲಕ್ಕಿಳಿದ ಒಂದು ಪುಟ್ಟ ವಿಮಾನವೇ ಮುಂದೆ ಏರ್ ಇಂಡಿಯಾ ಆಗಿ ಬೆಳೆದ ಸೇವೆಗೆ ನಾಂದಿ ಹಾಡಿತು. ಅದು ಹೊತ್ತು ತಂದದ್ದು ಅಂಚೆಯ ಚೀಲಗಳನ್ನು. ಆ ಅಂಚೆಯ ಮಾರ್ಗದಲ್ಲಿ ನಮ್ಮ ಬಳ್ಳಾರಿಯೂ ಇತ್ತೆಂಬುದು ಬಹಳ ಮಂದಿಗೆ ತಿಳಿಯದು.

ಭಾರತದಲ್ಲಿ ವಿಮಾನದ ಮೂಲಕ ಪತ್ರ ಸಾಗಿಸಿದ್ದು ಅದೇ ಮೊದಲಲ್ಲ. 1911ರ ಫೆಬ್ರವರಿ 18ರಂದು ಫ್ರಾನ್ಸಿನ ಆಂರಿ ಪೆಕೆ ಎಂಬ ವೈಮಾನಿಕ ಅಲಹಾಬಾದಿನಿಂದ ಯಮುನೆಯನ್ನು ದಾಟಿ ನೈನಿಗೆ ಸುಮಾರು 6,500 ಪತ್ರಗಳನ್ನು ಒಯ್ದಿದ್ದನು. ಆದರೆ ಅದು ವಸ್ತುಪ್ರದರ್ಶನದ ಸಂದರ್ಭದ ಒಂದು ಸಾಹಸ. ಜನ ನೋಡಿ ಬೆರಗಾದರು, ಅಲ್ಲಿಗೆ ಮುಗಿಯಿತು. ವಾರವಾರವೂ ತಪ್ಪದೆ ಪತ್ರ ತಲುಪಿಸುವುದು ಬೇರೆಯೇ ಮಾತು.

ಆ ಕಾರ್ಯದ ಕನಸು ಕಂಡವರು ಬ್ರಿಟಿಷ್ ವಾಯುಪಡೆಯ ಮಾಜಿ ಅಧಿಕಾರಿ ನೆವಿಲ್ ವಿನ್ಸೆಂಟ್. ಇಂಪೀರಿಯಲ್ ಏರ್‌ವೇಸ್ ವಿಮಾನಗಳು ಇಂಗ್ಲೆಂಡಿನ ಅಂಚೆಯನ್ನು ಕರಾಚಿಗೆ ತಂದು ಬಿಡುತ್ತಿದ್ದವು. ಅಲ್ಲಿಂದ ದಕ್ಷಿಣಕ್ಕೆ ಆಕಾಶಮಾರ್ಗವನ್ನೇ ಮುಂದುವರಿಸಬೇಕೆಂಬುದು ಅವರ ಯೋಜನೆ. 1929ರಲ್ಲಿ ದೇಶದ ಮೊದಲ ವೈಮಾನಿಕ ಪರವಾನಗಿ ಪಡೆದಿದ್ದ ತರುಣ ಜೆ.ಆರ್.ಡಿ. ಟಾಟಾ ಅದಕ್ಕೆ ಒತ್ತಾಸೆಯಾಗಿ ನಿಂತರು. ತೊಡಗಿಸಿದ ಬಂಡವಾಳ ಎರಡು ಲಕ್ಷ ರೂಪಾಯಿ. ಸರಕಾರ ಸಹಾಯಧನ ನೀಡಲು ಒಪ್ಪಲಿಲ್ಲ. ಹಲವು ಕಾಲದ ಪತ್ರವ್ಯವಹಾರದ ಬಳಿಕ 1932ರ ಏಪ್ರಿಲಿನಲ್ಲಿ ಒಪ್ಪಂದವಾಯಿತು.

ಪತ್ರ ತಡವಾದರೆ ಏನಾಗುತ್ತದೆಂಬುದನ್ನು ಬ್ಯಾಂಕಿನಲ್ಲಿ ದುಡಿಯುವ ನಮ್ಮಂಥವರು ಬಲ್ಲೆವು. ಹುಂಡಿ, ಬಿಲ್ಲು, ಡ್ರಾಫ್ಟುಗಳೆಲ್ಲ ಅಂಚೆಯ ಚೀಲದಲ್ಲೇ ಊರೂರು ತಿರುಗುತ್ತಿದ್ದ ಕಾಲದಲ್ಲಿ ಹಣವೂ ಆ ಚೀಲದ ದಾರಿ ಕಾಯಬೇಕಾಗಿತ್ತು. ಒಂದು ದಿನದ ಉಳಿತಾಯಕ್ಕೂ ಅಲ್ಲಿ ಬೆಲೆಯಿತ್ತು.

ಅಂದು ಮುಂಜಾನೆ 28 ವರ್ಷದ ಜೆ.ಆರ್.ಡಿ. ಒಂದೇ ಎಂಜಿನಿನ ಪಸ್ ಮಾತ್ ವಿಮಾನದಲ್ಲಿ ಕರಾಚಿಯಿಂದ ಹೊರಟರು. ರೇಡಿಯೋ ಇರಲಿಲ್ಲ, ಕೆಳಗಿನ ನೆಲವನ್ನು ನೋಡಿಕೊಂಡೇ ದಾರಿ ಹಿಡಿಯಬೇಕು. ಅಹಮದಾಬಾದಿನಲ್ಲಿ ಇಂಧನದ ಡಬ್ಬಗಳು ಎತ್ತಿನ ಗಾಡಿಯಲ್ಲಿ ಬಂದವು. ಮಧ್ಯಾಹ್ನ ವಿಮಾನ ಜುಹೂ ತಲುಪಿತು. ಅಲ್ಲಿಂದ ಮುಂದಿನ ಹಾರಾಟ ವಿನ್ಸೆಂಟರದು. ರಾತ್ರಿ ಹಾರಲು ದೀಪಗಳ ವ್ಯವಸ್ಥೆಯಿಲ್ಲದ್ದರಿಂದ ಅವರು ಬಳ್ಳಾರಿಯಲ್ಲಿ ತಂಗಿ ಮರುದಿನ ಮದ್ರಾಸ್ ಸೇರಿದರು. ಆಗ ಬಳ್ಳಾರಿ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಮೈಸೂರು ರಾಜ್ಯಕ್ಕೆ ಬಂದದ್ದು 1953ರಲ್ಲಿ.

ಈ ಸೇವೆಗೆ ಇದ್ದ ಆಸ್ತಿಯೆಂದರೆ ಎರಡು ವಿಮಾನಗಳು, ತಾಳೆಗರಿಯ ಒಂದು ಸೂರು ಮತ್ತು ಬೆರಳೆಣಿಕೆಯ ಸಿಬ್ಬಂದಿ. ಮಳೆಗಾಲದಲ್ಲಿ ಜುಹೂ ಮೈದಾನ ಜಲಾವೃತವಾದಾಗ ಎಲ್ಲವನ್ನೂ ಪುಣೆಗೆ ಸಾಗಿಸಿ ಅಲ್ಲಿಂದ ಹಾರಬೇಕಾಗುತ್ತಿತ್ತು. ಹೀಗಿದ್ದರೂ ಮೊದಲ ವರ್ಷ ಒಂದು ಸಲವೂ ಅಂಚೆ ತಡವಾಗಲಿಲ್ಲ. ಮಳೆಗಾಲದಲ್ಲೂ ನೂರಕ್ಕೆ ನೂರು ಸಮಯಪಾಲನೆ! ಸರಕಾರದ ವಿಮಾನಯಾನ ಇಲಾಖೆಯೇ ಇದನ್ನು ಮೆಚ್ಚಿ ದಾಖಲಿಸಿತು. 1933ರಲ್ಲಿ ಈ ವಿಮಾನಗಳು 1,60,000 ಮೈಲಿ ಹಾರಿದವು. ಪ್ರಯಾಣಿಕರು ಮಾತ್ರ ವರ್ಷಕ್ಕೆ 155 ಮಂದಿ.

ಮುಂದಿನ ಕಥೆ ಎಲ್ಲರಿಗೂ ಗೊತ್ತು. 1946ರಲ್ಲಿ ಏರ್ ಇಂಡಿಯಾ ಎಂಬ ಹೆಸರು, 1953ರಲ್ಲಿ ರಾಷ್ಟ್ರೀಕರಣ, 2022ರಲ್ಲಿ ಮರಳಿ ಟಾಟಾ ಸಮೂಹದ ಕೈಗೆ. 1982ರ ಅಕ್ಟೋಬರ್ 15ರಂದು, 78ರ ವಯಸ್ಸಿನಲ್ಲಿ, ಜೆ.ಆರ್.ಡಿ. ಹಳೆಯ ಲೆಪರ್ಡ್ ಮಾತ್ ವಿಮಾನವೊಂದರಲ್ಲಿ ಕರಾಚಿಯಿಂದ ಮುಂಬಯಿಗೆ ಮತ್ತೆ ಹಾರಿಬಂದರು. ಆ ದಿನವನ್ನು ಕಾಣಲು ವಿನ್ಸೆಂಟ್ ಇರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಅವರು ಪ್ರಯಾಣಿಸುತ್ತಿದ್ದ ವಿಮಾನ ಶತ್ರುಗಳ ದಾಳಿಗೆ ತುತ್ತಾಗಿತ್ತು.

ಎತ್ತರಕ್ಕೆ ಹಾರಿದವರನ್ನು, ದೂರಕ್ಕೆ ಹಾರಿದವರನ್ನು ಇತಿಹಾಸ ನೆನೆಯುತ್ತದೆ. ಹೇಳಿದ ದಿನಕ್ಕೆ, ಹೇಳಿದ ಊರಿಗೆ ಪತ್ರ ತಲುಪಿಸಿದವರನ್ನೂ ನಾವು ನೆನೆಯಬೇಕು. ಜುಹೂ ಮಾರ್ಗವಾಗಿ ಹೋಗುವಾಗ ಒಮ್ಮೆ ಆ ಬೇಲಿಯಾಚೆ ನೋಡೋಣ; ಅಲ್ಲಿಂದಲೇ ನಮ್ಮ ಬಳ್ಳಾರಿಗೆ ಅಂಚೆ ಹಾರಿತ್ತು.